ಅಸೀಲಾಗೆ ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ಮೊರಾಕ್ಕೊದ ಅಸೀಲಾ ಬಗ್ಗೆ ಗೆಳೆಯರು, ನೆಂಟರು, ಅವರ ಮೂಲಕ ಪರಿಚಯವಾದವರು ಫೋನಿನಲ್ಲಿ, ಪತ್ರದಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ ಕೇಳಿದ್ದನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಬಿಟ್ಟಿದ್ದೇನೆ. ಮೊದಲು ಟಿಕೆಟ್, ಊಟದ ವಿಚಾರ, ಆಮೇಲೆ ಊರು, ಕೊನೆಗೆ ಇತಿಹಾಸ ಮತ್ತು ಕಲೆ. ಆ ಕೊನೆಯ ಭಾಗ ಓದದೆ ಹೋದರೆ ಬಣ್ಣದ ಗೋಡೆಗಳ ಮುಂದೆ ನಿಂತು ಬಂದಂತಾಗುತ್ತದೆ, ಅಷ್ಟೇ.

## ಹೊರಡುವ ಮುಂಚೆ

ಅಸೀಲಾ ಎಲ್ಲಿದೆ? ಮರಾಕೇಶ್, ಫೆಜ್ ನೋಡಿದ ಮೇಲೂ ಅಲ್ಲಿಗೆ ಹೋಗಬೇಕಾ?

ಮೊರಾಕ್ಕೊದ ವಾಯವ್ಯ ಮೂಲೆಯಲ್ಲಿ, ಅಟ್ಲಾಂಟಿಕ್ ದಂಡೆಯ ಮೇಲೆ, ಟ್ಯಾಂಜಿಯರ್‌ನಿಂದ ದಕ್ಷಿಣಕ್ಕೆ ಸುಮಾರು 45 ಕಿ.ಮೀ. ದೂರದಲ್ಲಿದೆ. ಪೋರ್ಚುಗೀಸರ ಕಾಲದ ಕೋಟೆ ಗೋಡೆ, ಅದರೊಳಗೆ ಸುಣ್ಣ ಬಳಿದ ಬಿಳಿ ಮನೆಗಳ ಹಳೇ ಊರು, ಅಂದರೆ ಮದೀನಾ. ಆ ಮನೆಗಳ ಹೊರಗೋಡೆಗಳ ಮೇಲೆ ಕಲಾವಿದರು ವರ್ಷ ವರ್ಷ ಹೊಸದಾಗಿ ಬಿಡಿಸುವ ದೊಡ್ಡ ಚಿತ್ರಗಳು.

ಮರಾಕೇಶ್, ಫೆಜ್‌ಗಳ ಗದ್ದಲ ಮತ್ತು ವೈಭವವನ್ನು ಇಲ್ಲಿ ಹುಡುಕಬೇಡಿ. ಮದೀನಾದ ಒಂದು ತುದಿಯಿಂದ ಇನ್ನೊಂದು ತುದಿಗೆ ಹತ್ತು ಹದಿನೈದು ನಿಮಿಷದ ನಡಿಗೆ. ನೋಡಲೇಬೇಕಾದ ಜಾಗಗಳ ಪಟ್ಟಿ ಹಿಡಿದು ಟಿಕ್ ಹಾಕುತ್ತಾ ಹೋಗುವವರಿಗೆ ಅರ್ಧ ದಿನದಲ್ಲಿ ಊರು ಮುಗಿದುಹೋಗುತ್ತದೆ. ಆಮೇಲೆ ಬಂದು "ಅಲ್ಲೇನಿದೆ?" ಅನ್ನುವವರು ಅವರೇ. ಒಂದು ರಾತ್ರಿಯಾದರೂ ಉಳಿಯಿರಿ ಅಂತ ನಾನು ಹೇಳುವುದು ಇದಕ್ಕೇ: ಟ್ಯಾಂಜಿಯರ್‌ನಿಂದ ಬಂದ ಪ್ರವಾಸಿ ಬಸ್ಸುಗಳು ಸಂಜೆ ವಾಪಸಾದ ಮೇಲೆ ಇದು ಬೇರೆಯದೇ ಊರು.

ಬೆಂಗಳೂರಿಂದ ಹೇಗೆ ಹೋಗೋದು? ನೇರ ವಿಮಾನ ಇದೆಯಾ?

ಬೆಂಗಳೂರಿನಿಂದ ನೇರ ವಿಮಾನವಿಲ್ಲ. ಕೊಲ್ಲಿ ರಾಷ್ಟ್ರಗಳ ಕಡೆಯಿಂದಲೋ ಯುರೋಪಿನ ಮೂಲಕವೋ ಕಾಸಾಬ್ಲಾಂಕಾ ಸೇರಬೇಕು. ಅಲ್ಲಿಂದ 'ಅಲ್ ಬೊರಾಕ್' ಎಂಬ ಅತಿವೇಗದ ರೈಲು ಎರಡು ಗಂಟೆ ಚಿಲ್ಲರೆಯಲ್ಲಿ ಟ್ಯಾಂಜಿಯರ್ ಮುಟ್ಟಿಸುತ್ತದೆ. 2018ರಲ್ಲಿ ಶುರುವಾದ ರೈಲು, ಚೆನ್ನಾಗಿದೆ. ಆದರೆ ಅದು ಅಸೀಲಾದಲ್ಲಿ ನಿಲ್ಲುವುದಿಲ್ಲ. ಟಿಕೆಟ್ ತೆಗೆಯುವಾಗ ಇದೊಂದು ನೆನಪಿಡಿ. ಅಸೀಲಾಗೆ ಸಾಮಾನ್ಯ ರೈಲೇ ಗತಿ, ಟ್ಯಾಂಜಿಯರ್‌ನಿಂದ ಮುಕ್ಕಾಲು ಗಂಟೆ.

ರೈಲು ನಿಲ್ದಾಣ ಊರಿನಿಂದ ಉತ್ತರಕ್ಕೆ ಎರಡು ಕಿ.ಮೀ. ದೂರದಲ್ಲಿದೆ. ಸಾಮಾನು ಹಗುರವಿದ್ದರೆ ಸಮುದ್ರದ ಪಕ್ಕದಲ್ಲೇ ನಡೆದುಬಿಡಬಹುದು. ರೈಲಿನ ಹೊತ್ತು ಹೊಂದದಿದ್ದರೆ 'ಗ್ರಾಂಡ್ ಟ್ಯಾಕ್ಸಿ' ಇದೆ. ಆರು ಜನ ತುಂಬಿದ ಮೇಲೆ ಹೊರಡುವ ಶೇರ್ ಟ್ಯಾಕ್ಸಿ ಅದು. ಕಾಯುವ ತಾಳ್ಮೆ ಇಲ್ಲದಿದ್ದರೆ ಖಾಲಿ ಸೀಟುಗಳ ದುಡ್ಡನ್ನೂ ನೀವೇ ಕೊಟ್ಟು ಹೊರಡಿಸಬಹುದು.

ಸ್ಪೇನ್ ಕಡೆಯಿಂದ ಬರುವವರಿಗೆ ತಾರಿಫಾದಿಂದ ಟ್ಯಾಂಜಿಯರ್‌ಗೆ ಹಡಗು, ಸುಮಾರು ಒಂದು ಗಂಟೆಯ ಹಾದಿ.

ನನ್ನ ಹತ್ರ ಷೆಂಗೆನ್ ವೀಸಾ ಇದೆ. ಅದೇ ಸಾಕಲ್ವಾ?

ಸಾಲದು. ಮೊರಾಕ್ಕೊ ಷೆಂಗೆನ್ ವಲಯದಲ್ಲಿಲ್ಲ, ಭಾರತದ ಪಾಸ್‌ಪೋರ್ಟಿಗೆ ಅಲ್ಲಿಯದೇ ವೀಸಾ ಬೇಕು. 2022ರಿಂದ ಇ-ವೀಸಾ ವ್ಯವಸ್ಥೆ ಇದೆ. ಅರ್ಹತೆಯ ನಿಯಮಗಳು ಬದಲಾಗುತ್ತಿರುವುದರಿಂದ ಏಜೆಂಟರ ಮಾತಿಗಿಂತ ಮೊರಾಕ್ಕೊ ಸರ್ಕಾರದ ಅಧಿಕೃತ ತಾಣವನ್ನೇ ನಂಬಿ.

ಜರ್ಮನಿ, ನೆದರ್‌ಲ್ಯಾಂಡ್ಸ್ ಕಡೆ ಮಕ್ಕಳ ಮನೆಗೆ ಬಂದ ಅಪ್ಪ ಅಮ್ಮಂದಿರಿಗೆ ಒಂದು ಎಚ್ಚರಿಕೆ. ನಿಮ್ಮದು ಒಮ್ಮೆ ಮಾತ್ರ ಪ್ರವೇಶವಿರುವ ಷೆಂಗೆನ್ ವೀಸಾ ಆಗಿದ್ದರೆ, ತಾರಿಫಾದಲ್ಲಿ ಹಡಗು ಹತ್ತಿದ ಕೂಡಲೇ ಅದರ ಕಥೆ ಮುಗಿಯಿತು. ವಾಪಸು ಸ್ಪೇನಿಗೆ ಕಾಲಿಡಲಾಗದು.

ಯಾವ ತಿಂಗಳು ಒಳ್ಳೇದು?

ಏಪ್ರಿಲ್‌ನಿಂದ ಜೂನ್, ಇಲ್ಲವೇ ಸೆಪ್ಟೆಂಬರ್, ಅಕ್ಟೋಬರ್. ಮೊರಾಕ್ಕೊ ಅಂದರೆ ಮರಳುಗಾಡಿನ ಬಿಸಿಲು ಅಂದುಕೊಂಡು ಬರೀ ತೆಳು ಬಟ್ಟೆ ತುಂಬಿಕೊಂಡು ಬರುವವರು ಸಂಜೆಯ ಗಾಳಿಗೆ ನಡುಗುತ್ತಾರೆ. ಜುಲೈ, ಆಗಸ್ಟ್‌ನಲ್ಲಿ ಕಲಾ ಉತ್ಸವದ ಸಂಭ್ರಮವೇನೋ ಇರುತ್ತದೆ. ಆದರೆ ಮೊರಾಕ್ಕೊದ ಒಳನಾಡಿನ ಕುಟುಂಬಗಳು, ಯುರೋಪಿನಿಂದ ರಜಕ್ಕೆ ಬಂದ ಮೊರಾಕ್ಕೊದವರು, ಸ್ಪೇನಿನವರು ಎಲ್ಲರೂ ಅಲ್ಲೇ. ಕೋಣೆಯ ಬಾಡಿಗೆ ಏರುತ್ತದೆ, ಮುಂಚೆ ಬುಕ್ ಮಾಡದಿದ್ದರೆ ಸಿಗುವುದೂ ಕಷ್ಟ. ನವೆಂಬರ್‌ನಿಂದ ಮಾರ್ಚ್‌ವರೆಗೆ ಮಳೆ ಬಂದುಹೋಗುತ್ತಿರುತ್ತದೆ. ಹಳೇ ಮನೆಗಳಲ್ಲಿ ಗೋಡೆಯೇ ತಣ್ಣಗೆ ಒದ್ದೆಯಾಗಿರುತ್ತದೆ, ಬಿಸಿ ಮಾಡುವ ವ್ಯವಸ್ಥೆ ಇದೆಯೇ ಅಂತ ಕೇಳಿಯೇ ಕೋಣೆ ಹಿಡಿಯಿರಿ.

ರಂಜಾನ್ ತಿಂಗಳಲ್ಲಿ ಹಗಲು ಹೊತ್ತು ಹೋಟೆಲುಗಳು ಬಹುಪಾಲು ಮುಚ್ಚಿರುತ್ತವೆ. ಆದರೆ ಸೂರ್ಯ ಮುಳುಗಿದ ಮೇಲೆ ಊರು ಎದ್ದು ಕೂರುವುದನ್ನು ನೋಡುವ ಆಸೆಯಿದ್ದರೆ ಆಗಲೇ ಹೋಗಿ.

ನಾವು ಶುದ್ಧ ಸಸ್ಯಾಹಾರಿಗಳು. ಮೀನಿನ ಊರಲ್ಲಿ ಏನು ತಿನ್ನೋದು?

ಅತಿ ಹೆಚ್ಚು ಜನ ಕೇಳುವ ಪ್ರಶ್ನೆ ಇದೇ. ಉಪವಾಸ ಬೀಳುವುದಿಲ್ಲ, ಆದರೆ ಕೇಳಿ ತಿನ್ನಬೇಕು.

ಮೊದಲಿಗೆ 'ಬಿಸ್ಸಾರಾ'. ಒಣಗಿಸಿದ ಬಾಕ್ಲಾ ಕಾಳನ್ನು ಬೆಳ್ಳುಳ್ಳಿ ಹಾಕಿ ನುಣ್ಣಗೆ ಬೇಯಿಸಿ, ಮೇಲೆ ಆಲಿವ್ ಎಣ್ಣೆ ಸುರಿದು ಜೀರಿಗೆ ಪುಡಿ ಉದುರಿಸಿ ಕೊಡುತ್ತಾರೆ. ಗಟ್ಟಿ ತೊವ್ವೆಯ ಹದ. ಉತ್ತರ ಮೊರಾಕ್ಕೊದಲ್ಲಿ ಕೂಲಿಯವರ, ಗಾಡಿಯವರ ಬೆಳಗಿನ ತಿಂಡಿ ಅದು, ಬೆಲೆಯೂ ಕಮ್ಮಿ. ಸಮುದ್ರಕ್ಕೆ ಮುಖ ಮಾಡಿದ ಹೋಟೆಲುಗಳಲ್ಲಿ ಕೇಳಬೇಡಿ. ಕೋಟೆಯ ಹೊರಗಿನ ಬೀದಿಗಳಲ್ಲಿ ದೊಡ್ಡ ಪಾತ್ರೆ ಇಟ್ಟುಕೊಂಡ ಚಿಕ್ಕ ಅಂಗಡಿ ಹುಡುಕಿ. ಜೊತೆಗೆ ದುಂಡನೆಯ 'ಖೊಬ್ಜ್' ಬ್ರೆಡ್ಡು. ತಿಂಡಿಗೆ 'ಮ್ಸೆಮೆನ್' ಎಂಬ ಪದರ ಪದರದ ಚೌಕ ರೊಟ್ಟಿ, ಜೇನುತುಪ್ಪದ ಜೊತೆ. ಬದನೆಕಾಯಿ ಸುಟ್ಟು ಟೊಮೆಟೊ ಹಾಕಿ ಕಿವುಚಿದ 'ಝಾಲೂಕ್', ದಪ್ಪಮೆಣಸಿನಕಾಯಿಯ 'ತಕ್ತೂಕಾ', ಆಲಿವ್ ಕಾಯಿ, ಮೇಕೆ ಹಾಲಿನ ತಾಜಾ ಚೀಸ್ 'ಜ್ಬೆನ್', ಇವೆಲ್ಲ ಸಿಗುತ್ತವೆ.

ಎಡವುವುದು ಎಲ್ಲಿ ಅಂದರೆ 'ತರಕಾರಿ ತಾಜೀನ್' ಮತ್ತು 'ಹರೀರಾ' ಸೂಪಿನಲ್ಲಿ. ತಾಜೀನ್‌ನಲ್ಲಿ ಕಣ್ಣಿಗೆ ಬೀಳುವುದು ತರಕಾರಿಯೇ, ಆದರೆ ಮಾಂಸದ ಜೊತೆ ಬೇಯಿಸಿ ಆಮೇಲೆ ಮಾಂಸ ತೆಗೆದಿಟ್ಟಿರಬಹುದು. ಹರೀರಾದಲ್ಲಿ ಸಾಮಾನ್ಯವಾಗಿ ಮಾಂಸದ ಚೂರಿರುತ್ತದೆ. ಶುಕ್ರವಾರದ ಕುಸ್‌ಕುಸ್‌ಗೂ ಇದೇ ಮಾತು. "ಬ್ಲಾ ಲ್ಹಮ್, ಬ್ಲಾ ಹೂತ್" ಅಂದರೆ ಮಾಂಸ ಬೇಡ, ಮೀನು ಬೇಡ ಅಂತ. ಬೇಯಿಸಿದ ನೀರಿನ ಬಗ್ಗೆಯೂ ಕೇಳಿ. ಬಡಿಸುವವರು ನಕ್ಕರೂ ನಿಜ ಹೇಳುತ್ತಾರೆ.

ಮೀನು ತಿನ್ನುವವರಿಗೆ ನಾನು ಹೇಳಬೇಕಾದ್ದೇನಿಲ್ಲ. ಬಂದರಿನ ಹತ್ತಿರ ಕೆಂಡದ ಮೇಲೆ ಸುಡುವ ಬೂತಾಯಿಯ ವಾಸನೆ ದಾರಿ ತೋರಿಸುತ್ತದೆ.

ದುಡ್ಡು, ಭಾಷೆ, ಪ್ಲಗ್ಗು ಇವೆಲ್ಲಾ ಹೇಗೆ?

ನಾಣ್ಯ ದಿರ್ಹಮ್, ಒಂದಕ್ಕೆ ಸುಮಾರು ಎಂಟರಿಂದ ಹತ್ತು ರೂಪಾಯಿ ಅಂತ ಲೆಕ್ಕ ಹಿಡಿಯಿರಿ. ಅದು ದೇಶದ ಹೊರಗೆ ಚಲಾವಣೆಗೆ ಬಿಟ್ಟ ಕರೆನ್ಸಿಯಲ್ಲ. ಯೂರೊ ಒಯ್ದು ಅಲ್ಲೇ ಬದಲಾಯಿಸಿ, ಇಲ್ಲವೇ ಎಟಿಎಂ ಬಳಸಿ. ಚಿಕ್ಕ ಅಂಗಡಿಗಳಿಗೆ ಚಿಲ್ಲರೆ ನಗದು ಬೇಕೇ ಬೇಕು.

ಮನೆಮಾತು ದಾರಿಜಾ, ಅಂದರೆ ಮೊರಾಕ್ಕೊದ ಅರಬ್ಬಿ. ಸ್ಪೇನಿನ ಆಡಳಿತದಲ್ಲಿದ್ದ ಊರಾದ್ದರಿಂದ ವಯಸ್ಸಾದವರಲ್ಲಿ ಫ್ರೆಂಚಿಗಿಂತ ಸ್ಪ್ಯಾನಿಷ್ ಹೆಚ್ಚು ಚಾಲ್ತಿ. ಅಂಗಡಿಯವರು, ಗೆಸ್ಟ್‌ಹೌಸಿನವರು ಇಂಗ್ಲಿಷಿನಲ್ಲಿ ನಿಭಾಯಿಸುತ್ತಾರೆ. ನಮ್ಮ ಎರಡು ಕಡ್ಡಿಯ ತೆಳು ಪ್ಲಗ್ಗು ಹಿಡಿಯುತ್ತದೆ, ಮೂರು ದಪ್ಪ ಕಡ್ಡಿಯದಕ್ಕೆ ಅಡಾಪ್ಟರ್ ಬೇಕು. ಮನೆಗೆ ಫೋನ್ ಮಾಡುವಾಗ ನಮ್ಮಲ್ಲಿ ನಾಲ್ಕೂವರೆ ಗಂಟೆ ಮುಂದೆ, ರಂಜಾನ್‌ನಲ್ಲಿ ಮಾತ್ರ ಐದೂವರೆ.

ಹೆಣ್ಣುಮಗಳು ಒಬ್ಬಳೇ ಹೋಗಬಹುದಾ? ತಲೆಗೆ ಬಟ್ಟೆ ಹಾಕ್ಕೋಬೇಕಾ?

ತಲೆ ಮುಚ್ಚಿಕೊಳ್ಳಬೇಕಿಲ್ಲ. ಭುಜ, ಮೊಣಕಾಲು ಮುಚ್ಚುವ ಹತ್ತಿ ಬಟ್ಟೆ ಬಿಸಿಲಿಗೂ ಒಳ್ಳೆಯದು, ಊರಿನ ಮರ್ಯಾದೆಗೂ ಹೊಂದುತ್ತದೆ. ಚೂಡಿದಾರ ಧಾರಾಳವಾಗಿ ಸಾಕು. ದೊಡ್ಡ ನಗರಗಳ ಬಜಾರಿನಲ್ಲಿರುವಷ್ಟು ಬೆನ್ನು ಹತ್ತುವಿಕೆ ಇಲ್ಲಿಲ್ಲ. ಮದೀನಾದ ಗಲ್ಲಿಗಳಲ್ಲಿ ಕತ್ತಲಾದ ಮೇಲೂ ಮಕ್ಕಳು ಆಡುತ್ತಿರುತ್ತಾರೆ. "ದಾರಿ ತೋರಿಸ್ತೀನಿ" ಅಂತ ಬರುವವರಿಗೆ ನಗುತ್ತಲೇ "ಲಾ, ಶುಕ್ರನ್" ಅಂದು ನಡೆಯಿರಿ. ದೂರದ ಬೀಚಿಗೆ ಮಾತ್ರ ಒಬ್ಬರೇ, ಅದೂ ಇಳಿಹೊತ್ತಿನಲ್ಲಿ, ಹೋಗುವುದು ಬೇಡ. ಇದನ್ನು ಗಂಡಸರಿಗೂ ಹೇಳುತ್ತೇನೆ.

ಎಸ್ಸೌಯಿರಾ ಮತ್ತೆ ಅಸೀಲಾ, ಎರಡರಲ್ಲಿ ಒಂದೇ ಅಂದ್ರೆ ಯಾವುದು?

ಎಸ್ಸೌಯಿರಾ ದೊಡ್ಡದು. 18ನೇ ಶತಮಾನದಲ್ಲಿ ಸುಲ್ತಾನ್ ಮೊಹಮ್ಮದ್ ಬಿನ್ ಅಬ್ದುಲ್ಲಾ ನಕ್ಷೆ ಹಾಕಿಸಿ ಕಟ್ಟಿಸಿದ ಬಂದರು ನಗರ, 2001ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ, ಗ್ನಾವಾ ಸಂಗೀತದ ಉತ್ಸವಕ್ಕೆ ಹೆಸರುವಾಸಿ. ಸಂಗೀತ, ಮರಗೆಲಸ, ವ್ಯಾಪಾರದ ಗಿಜಿಗಿಜಿ ಬೇಕೆಂದರೆ ಅಲ್ಲಿಗೆ ಹೋಗಿ. ಒಂದು ಪುಟ್ಟ ಊರು ಕಲೆಯನ್ನು ಹಿಡಿದು ತನ್ನನ್ನು ರಿಪೇರಿ ಮಾಡಿಕೊಂಡದ್ದು ಹೇಗೆ ಅನ್ನುವ ಕುತೂಹಲವಿದ್ದರೆ ಅಸೀಲಾ. ಮರಾಕೇಶ್‌ನಲ್ಲಿದ್ದರೆ ಎಸ್ಸೌಯಿರಾ ಹತ್ತಿರ, ಟ್ಯಾಂಜಿಯರ್‌ನಲ್ಲಿದ್ದರೆ ಅಸೀಲಾ. ಬಹಳ ಜನರಿಗೆ ಈ ಲೆಕ್ಕವೇ ಸಾಕಾಗುತ್ತದೆ.

## ಊರೊಳಗೆ

ಎಲ್ಲಿಂದ ಶುರು ಮಾಡೋದು? ಗೈಡ್ ಬೇಕಾ?

ಗೈಡ್ ಬೇಡ, ನಕ್ಷೆಯೂ ಬೇಡ. ದಾರಿ ತಪ್ಪಿದರೆ ಒಂದೋ ಕೋಟೆ ಗೋಡೆ, ಇಲ್ಲವೇ ಸಮುದ್ರ ಎದುರಾಗುತ್ತದೆ.

ಬಾಬ್ ಅಲ್ ಕಸಬಾ ಬಾಗಿಲಿನಿಂದ ಒಳಗೆ ಹೋಗಿ. ಒಂದು ಕಡೆ ದೊಡ್ಡ ಮಸೀದಿ, ಎದುರಿಗೆ ಉತ್ಸವದ ಸಭೆ ಮತ್ತು ಪ್ರದರ್ಶನಗಳು ನಡೆಯುವ ಹಸನ್ II ಕೇಂದ್ರ. ಮುಂದೆ ಅಲ್ ಕಮ್ರಾ ಗೋಪುರ. 16ನೇ ಶತಮಾನದ ಆರಂಭದಲ್ಲಿ ಪೋರ್ಚುಗೀಸರು ಕಟ್ಟಿದ ಚೌಕ ಗೋಪುರ ಅದು. ಲಿಸ್ಬನ್ನಿನ ಜೆರೋನಿಮೊಸ್ ಮಠದ ಕೆಲಸ ಶುರು ಮಾಡಿದ ಶಿಲ್ಪಿ ದಿಯೊಗೊ ಬೊಯ್ತಾಕಾ ಇಲ್ಲಿಯ ಕೋಟೆಯನ್ನೂ ನೋಡಿಕೊಂಡವನು. ಅಲ್ಲಿಂದ ಸಮುದ್ರದ ಗೋಡೆಯನ್ನು ಬಲಕ್ಕಿಟ್ಟುಕೊಂಡು ದಕ್ಷಿಣಕ್ಕೆ ನಡೆದರೆ ರೈಸೂನಿ ಅರಮನೆ ದಾಟಿ ಕ್ರಿಕಿಯಾ ಬುರುಜಿಗೆ ಬರುತ್ತೀರಿ. ನೀರಿನ ಕಡೆಗೆ ಚಾಚಿಕೊಂಡಿರುವ ಕಟ್ಟೆ. ಸಂಜೆ ಊರಿನ ಅರ್ಧ ಜನ ಅಲ್ಲೇ ಇರುತ್ತಾರೆ.

ಬುರುಜಿನ ಮೇಲೆ ನಿಂತು ಬಗ್ಗಿ ನೋಡಿ: ಸೀದಿ ಮನ್ಸೂರ್ ದರ್ಗಾ, ಅದರ ಪಕ್ಕ ಗೋರಿಗಳ ಚಿಕ್ಕ ಅಂಗಳ. ಗೋರಿಗಳಿಗೆ ಹಸಿರು, ನೀಲಿ, ಹಳದಿ ಹೆಂಚಿನ ಚೂರುಗಳನ್ನು ಹೊದಿಸಿದ್ದಾರೆ. ಅಲೆ ಬಡಿದ ದಿನ ಅವುಗಳ ಮೇಲೆ ಉಪ್ಪಿನ ಪೊರೆ ಕೂತಿರುತ್ತದೆ. ಊರಿನ ಎಲ್ಲಾ ಭಿತ್ತಿಚಿತ್ರಗಳಿಗಿಂತ ನನಗೆ ಈ ಅಂಗಳದ ಬಣ್ಣವೇ ಹೆಚ್ಚು ಇಷ್ಟ.

ಇನ್‌ಸ್ಟಾಗ್ರಾಂನಲ್ಲಿ ನೋಡಿದ ಆ ಚಿತ್ರ ಎಲ್ಲಿದೆ? ಎಷ್ಟು ಹುಡುಕಿದರೂ ಸಿಗಲಿಲ್ಲ.

ಸಿಗುವುದಿಲ್ಲ, ಅದರ ಮೇಲೆ ಸುಣ್ಣ ಬಳಿದಾಗಿದೆ. ಪ್ರತಿ ಉತ್ಸವಕ್ಕೂ ಗೋಡೆಗಳನ್ನು ಬಿಳಿ ಮಾಡಿ ಹೊಸ ಕಲಾವಿದರಿಗೆ ಒಪ್ಪಿಸುತ್ತಾರೆ. ಒಂದು ಚಿತ್ರದ ಆಯುಸ್ಸು ಹೆಚ್ಚುಕಮ್ಮಿ ಒಂದು ವರ್ಷ. ಉಪ್ಪುಗಾಳಿಗೆ ಅದಕ್ಕಿಂತ ಮುಂಚೆಯೇ ಬಣ್ಣ ಚಕ್ಕೆ ಏಳುವುದೂ ಉಂಟು.

ಇದನ್ನು ಕೇಳಿ ಬೇಸರಪಟ್ಟುಕೊಳ್ಳುವವರಿದ್ದಾರೆ. ನನ್ನ ಲೆಕ್ಕದಲ್ಲಿ ಈ ಅಳಿಸುವಿಕೆಯೇ ಊರಿನ ಜೀವಾಳ. ಇವು ಶಾಶ್ವತವಾಗಿದ್ದಿದ್ದರೆ ಅಸೀಲಾ ಇಷ್ಟು ಹೊತ್ತಿಗೆ ಒಂದು ವಸ್ತುಸಂಗ್ರಹಾಲಯ ಆಗಿರುತ್ತಿತ್ತು. ಹಗ್ಗ ಕಟ್ಟಿ, ಟಿಕೆಟ್ ಇಟ್ಟಿರುತ್ತಿದ್ದರು. ಈಗಲಾದರೆ ಗೋಡೆ ಮನೆಯವರದ್ದು, ಚಿತ್ರ ಒಂದು ವರ್ಷದ ಬಾಡಿಗೆದಾರ. ಚಿತ್ರದ ಮುಂದೆಯೇ ಬಟ್ಟೆ ಒಣಗಿರುತ್ತದೆ, ಹುಡುಗರು ಚೆಂಡು ಒದ್ದ ಗುರುತಿರುತ್ತದೆ. ಹತ್ತಿರ ಹೋಗಿ ಓರೆ ಬೆಳಕಿನಲ್ಲಿ ನೋಡಿದರೆ ಕೆಲವು ಗೋಡೆಗಳಲ್ಲಿ ಹೊಸ ಬಣ್ಣದ ಅಡಿ ಹಳೆಯ ಚಿತ್ರದ ಅಂಚು ಉಬ್ಬಿಕೊಂಡು ಕಾಣುತ್ತದೆ: ಮೇಲೆ ನೀಲಿ ಚೌಕ, ಒಳಗೆ ಇನ್ನಾರದೋ ವೃತ್ತದ ಗೆರೆ.

ಹಾಗಾಗಿ ನಿರ್ದಿಷ್ಟ ಚಿತ್ರವೊಂದನ್ನು ಹುಡುಕಿಕೊಂಡು ಹೋಗಬೇಡಿ. ಆ ವರ್ಷ ಏನಿದೆಯೋ ಅದನ್ನು ನೋಡಿ. ಕೆಲವು ತೀರಾ ಸಾಧಾರಣವಾಗಿರುತ್ತವೆ, ಅದನ್ನೂ ಹೇಳಿಬಿಡುತ್ತೇನೆ. ಮುಂದಿನ ವರ್ಷ ಹೋಗಿಬಿಡುತ್ತವಲ್ಲ, ಬಿಡಿ.

ಜನರ ಫೋಟೋ ತೆಗೆಯಬಹುದಾ?

ಗೋಡೆಗಳದ್ದು ಎಷ್ಟಾದರೂ ತೆಗೆಯಿರಿ. ಜನರದ್ದಾದರೆ ಕೇಳಿ. ಕೆಂಪು ಬಿಳಿ ಪಟ್ಟೆಯ ಬಟ್ಟೆ ಸುತ್ತಿ, ಕುಚ್ಚುಗಳ ಹುಲ್ಲಿನ ಟೋಪಿ ಹಾಕಿ ಸೊಪ್ಪು, ಚೀಸ್ ಮಾರಲು ಬರುವ ಜ್ಬಾಲಾ ಗುಡ್ಡಗಾಡಿನ ಹೆಂಗಸರ ಮುಖಕ್ಕೆ ಕ್ಯಾಮೆರಾ ಹಿಡಿಯುವವರನ್ನು ಕಂಡರೆ ನನಗೇ ಸಿಟ್ಟು ಬರುತ್ತದೆ. ಅವರು ವೇಷ ಹಾಕಿಕೊಂಡು ಬಂದವರಲ್ಲ, ವ್ಯಾಪಾರಕ್ಕೆ ಬಂದವರು. ತೆರೆದ ಬಾಗಿಲಿನೊಳಗೆ ಇಣುಕಿ ತೆಗೆಯುವುದೂ ಬೇಡ.

ಮಸೀದಿ ಒಳಗೆ ಬಿಡ್ತಾರಾ?

ಇಲ್ಲ. ಕಾಸಾಬ್ಲಾಂಕಾದ ಹಸನ್ II ಮಸೀದಿಯಂಥ ಒಂದೆರಡನ್ನು ಬಿಟ್ಟರೆ ಮೊರಾಕ್ಕೊದಲ್ಲಿ ಮುಸ್ಲಿಮೇತರರಿಗೆ ಮಸೀದಿ ಪ್ರವೇಶವಿಲ್ಲ. ದರ್ಗಾಗಳಿಗೂ ಅದೇ ನಿಯಮ. ಹೊರಗಿನಿಂದ ನೋಡಿ ಮುಂದೆ ಹೋಗಿ.

ಕಟ್ಟಡಗಳಲ್ಲಿ ಏನು ಗಮನಿಸಬೇಕು? ಎಲ್ಲಾ ಮನೆಗಳೂ ಒಂದೇ ಥರ ಕಾಣ್ತವೆ.

ಹೊರಗಿನಿಂದ ಒಂದೇ ಥರ ಕಾಣಬೇಕೆಂದೇ ಕಟ್ಟಿದವು. ಅಂದ ಇರುವುದು ಒಳಗಿನ ಅಂಗಳದಲ್ಲಿ, ಬೀದಿಗೆ ಬರೀ ಬಿಳಿ ಗೋಡೆ, ಚಿಕ್ಕ ಕಿಟಕಿ, ಒಂದು ಬಾಗಿಲು. ಗೋಡೆಯ ಕೆಳಭಾಗಕ್ಕೆ ಮೊಣಕಾಲೆತ್ತರ, ಸೊಂಟದೆತ್ತರ ನೀಲಿ ಅಥವಾ ಹಸಿರು ಪಟ್ಟಿ ಬಳಿದಿರುತ್ತಾರೆ. ಕಿಟಕಿಯ ಕಬ್ಬಿಣದ ಜಾಲರಿ ಸ್ಪೇನಿನ ಬಳುವಳಿ. ಕೋಟೆಯ ಕಲ್ಲು ಪೋರ್ಚುಗಲ್‌ನದು. ಹೀಗೆ ಒಂದೇ ಗಲ್ಲಿಯಲ್ಲಿ ಮೂರು ಕೈಗಳ ಕೆಲಸ ಕಾಣುತ್ತದೆ.

ಜೊತೆಗೆ ಕಾಲಡಿ ನೋಡಿ. ಗಲ್ಲಿಗಳಿಗೆ ಹಾಸಿದ ಕಲ್ಲಿನಲ್ಲಿ ಅಲೆಯ ವಿನ್ಯಾಸವಿದೆ. ಈ ಊರಿನವನೇ ಆದ ವರ್ಣಚಿತ್ರಕಾರ ಮೊಹಮ್ಮದ್ ಮೆಲೆಹಿಯ ಕ್ಯಾನ್ವಾಸುಗಳಲ್ಲಿ ಮತ್ತೆ ಮತ್ತೆ ಬರುವ ಅಲೆ ಅದೇ. ಗೋಡೆ ಚಿತ್ರಗಳೆಲ್ಲ ಅಳಿದರೂ ಅದು ಉಳಿದಿದೆ. ಎಲ್ಲರೂ ಅದರ ಮೇಲೆ ನಿಂತುಕೊಂಡೇ ಗೋಡೆಯ ಫೋಟೋ ತೆಗೆಯುತ್ತಾರೆ.

ಬೀಚ್ ಹೇಗಿದೆ? ಮಕ್ಕಳು ನೀರಿಗಿಳಿಯಬಹುದಾ?

ಊರಿನ ಉತ್ತರಕ್ಕೆ ಉದ್ದನೆಯ ಮರಳಿನ ತೀರವಿದೆ, ಮಕ್ಕಳಿಗೆ ಅದೇ ವಾಸಿ. ದಕ್ಷಿಣಕ್ಕೆ ಕೆಲವು ಕಿ.ಮೀ. ಹೋದರೆ 'ಪ್ಯಾರಡೈಸ್ ಬೀಚ್'. ರಸ್ತೆ ಕೆಟ್ಟದ್ದು, ಬೇಸಿಗೆಯಲ್ಲಿ ಕುದುರೆ ಗಾಡಿಗಳು ಓಡಾಡುತ್ತವೆ. ಗಾಡಿಯವನ ಹತ್ತಿರ ಹೋಗಿ ಬರುವ ಎರಡೂ ಬಾಡಿಗೆಯನ್ನು ಮೊದಲೇ ಮಾತಾಡಿಕೊಳ್ಳಿ. ನೀರು ಬೇಸಿಗೆಯಲ್ಲೂ ತಣ್ಣಗೆ, ಸೆಳೆತ ಜೋರು. ಈಜು ಬರುತ್ತದೆ ಅಂತ ಹುಮ್ಮಸ್ಸು ಬೇಡ.

## ಇತಿಹಾಸ, ಕಲೆ, ಇನ್ನಷ್ಟು

ಗೋವಾಕ್ಕೆ ಬಂದ ಪೋರ್ಚುಗೀಸರೇ ಇಲ್ಲಿಗೂ ಬಂದದ್ದಾ?

ಅವರೇ, ಆದರೆ ಇಲ್ಲಿಗೆ ಮೊದಲು ಬಂದರು. 1471ರ ಆಗಸ್ಟ್‌ನಲ್ಲಿ ರಾಜ ಐದನೇ ಅಫೊನ್ಸೊ ದೊಡ್ಡ ನೌಕಾಪಡೆ ತಂದು ಅಸೀಲಾವನ್ನು ಗೆದ್ದ. ಊರಿನ ಒಡೆಯ ಮೊಹಮ್ಮದ್ ಅಲ್ ಶೇಖ್ ಅಲ್ ವತ್ತಾಸಿ ಆ ಹೊತ್ತಿಗೆ ಫೆಜ್ ಸಿಂಹಾಸನಕ್ಕಾಗಿ ಆ ನಗರವನ್ನು ಮುತ್ತಿ ಕೂತಿದ್ದ. ಮರುವರ್ಷ ಫೆಜ್ ಅವನಿಗೆ ಸಿಕ್ಕಿತು. ಇತ್ತ ಅಸೀಲಾ ಹೋಯಿತು, ಚಿಕ್ಕ ಮಗನೂ ಸೆರೆಯಾಗಿ ಪೋರ್ಚುಗಲ್ ಸೇರಿದ. ಅಲ್ಲೇ ವರ್ಷಗಟ್ಟಲೆ ಬೆಳೆದು ಬಂದ ಆ ಹುಡುಗ ಮುಂದೆ ಸುಲ್ತಾನನಾದಾಗ ಜನ ಅವನನ್ನು 'ಅಲ್ ಬುರ್ತುಕಾಲಿ', ಪೋರ್ಚುಗೀಸ, ಅಂತಲೇ ಕರೆದರು.

ಗೆದ್ದ ದಿನ ಅಫೊನ್ಸೊ ಇಲ್ಲಿಯ ಮಸೀದಿಯನ್ನು ಚರ್ಚು ಮಾಡಿ, ಅದರೊಳಗೇ ಹದಿನಾರರ ಮಗ ಜೊವಾನ್‌ಗೆ ವೀರ ಪದವಿ ಕೊಟ್ಟ. ಆ ಜೊವಾನ್ ರಾಜನಾದ ಮೇಲೆ ಕಳಿಸಿದ ಬಾರ್ತೊಲೊಮೆಯು ದಿಯಾಸ್ 1488ರಲ್ಲಿ ಆಫ್ರಿಕಾದ ದಕ್ಷಿಣ ತುದಿ ಸುತ್ತಿದ. ಹತ್ತು ವರ್ಷದಲ್ಲಿ ವಾಸ್ಕೊ ಡ ಗಾಮಾ ಕಲ್ಲಿಕೋಟೆಗೆ ಬಂದ. 1510ರಲ್ಲಿ ಗೋವಾ ಹೋಯಿತು, ನಮ್ಮ ಹೊನ್ನಾವರ, ಬಸ್ರೂರು, ಮಂಗಳೂರುಗಳ ಮೇಲೂ ಅವರ ಕಣ್ಣು ಬಿತ್ತು.

ಅಸೀಲಾದ ಮುತ್ತಿಗೆಯನ್ನು ನೋಡಬೇಕೆಂದರೆ ಸ್ಪೇನಿನ ಪಸ್ತ್ರಾನಾ ಎಂಬ ಊರಿಗೆ ಹೋಗಬೇಕು. ಫ್ಲಾಂಡರ್ಸ್ ಕಡೆಯ ಟೂರ್ನೇಯಲ್ಲಿ ನೇಯ್ದ ನಾಲ್ಕು ಬೃಹತ್ ಚಿತ್ರಪಟಗಳು ಅಲ್ಲಿಯ ಚರ್ಚಿನಲ್ಲಿವೆ. ಮೂರು ಅಸೀಲಾದವು, ಒಂದು ಟ್ಯಾಂಜಿಯರ್‌ನದು. ನೇಯ್ದವರು ಮೊರಾಕ್ಕೊವನ್ನು ಕಂಡವರಲ್ಲ, ಹಾಗಾಗಿ ಅದರಲ್ಲಿ ಅಸೀಲಾ ತಮ್ಮದೇ ಉತ್ತರ ಯುರೋಪಿನ ಪಟ್ಟಣದಂತೆ ಕಾಣುತ್ತದೆ!

ಕಾವಲಿನ ಖರ್ಚು ತಾಳದೆ 1550ರಲ್ಲಿ ಪೋರ್ಚುಗೀಸರು ಊರು ಬಿಟ್ಟರು. 1578ರಲ್ಲಿ ಪೋರ್ಚುಗಲ್ಲಿನ ಇಪ್ಪತ್ತನಾಲ್ಕರ ದೊರೆ ಸೆಬಾಸ್ತಿಯನ್ ಇದೇ ದಂಡೆಯಲ್ಲಿ ಸೈನ್ಯ ಇಳಿಸಿ ಒಳನಾಡಿಗೆ ನಡೆದ. ಆಗಸ್ಟ್ 4ರಂದು ಕ್ಸಾರ್ ಅಲ್ ಕಬೀರ್ ಬಳಿ ಅವನೂ, ಎದುರು ಪಕ್ಷದ ಸುಲ್ತಾನನೂ, ಪದಚ್ಯುತ ಸುಲ್ತಾನನೂ ಒಂದೇ ದಿನ ಸತ್ತರು. ಎರಡೇ ವರ್ಷಕ್ಕೆ ಪೋರ್ಚುಗಲ್ ಸ್ಪೇನಿನ ಪಾಲಾಯಿತು. ಅಸೀಲಾ ಕೈ ಬದಲಾಗುತ್ತಾ ಹೋಗಿ 1691ರಲ್ಲಿ ಸುಲ್ತಾನ್ ಮೌಲಾಯ್ ಇಸ್ಮಾಯಿಲ್ ವಶವಾಯಿತು. 20ನೇ ಶತಮಾನದಲ್ಲಿ, 1956ರವರೆಗೆ, ಸ್ಪೇನಿನ ರಕ್ಷಿತ ಪ್ರದೇಶದಲ್ಲಿತ್ತು.

ರೈಸೂನಿ ಅಂದ್ರೆ ಯಾರು? ರಾಜನಾ, ಡಕಾಯಿತನಾ?

ಎರಡೂ ಸ್ವಲ್ಪ ಸ್ವಲ್ಪ. ಮೌಲಾಯ್ ಅಹ್ಮದ್ ಅಲ್ ರೈಸೂನಿ ಒಳ್ಳೆಯ ಮನೆತನದವನು, ಗುಡ್ಡಗಾಡಿನಲ್ಲಿ ದಂಡು ಕಟ್ಟಿಕೊಂಡು ದೊಡ್ಡವರನ್ನು ಅಪಹರಿಸಿ ಹಣ ಕೀಳುತ್ತಿದ್ದ. 1904ರಲ್ಲಿ ಟ್ಯಾಂಜಿಯರ್‌ನ ಶ್ರೀಮಂತ ಅಯಾನ್ ಪೆರ್ಡಿಕಾರಿಸ್‌ನನ್ನು ಹೊತ್ತೊಯ್ದ. ಅವನು ಅಮೆರಿಕದ ಪ್ರಜೆ ಎಂದು ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಯುದ್ಧನೌಕೆಗಳನ್ನು ಕಳಿಸಿದ, ಚುನಾವಣೆಯ ವರ್ಷ ಬೇರೆ. ಆ ಮನುಷ್ಯ ಎಷ್ಟೋ ವರ್ಷಗಳ ಹಿಂದೆಯೇ ಗ್ರೀಸಿನ ಪೌರತ್ವ ಪಡೆದಿದ್ದ ಸಂಗತಿ ಅಮೆರಿಕದವರಿಗೆ ತಿಳಿದು ಬಂತು, ಆದರೆ ಗುಟ್ಟಾಗಿ ಇಟ್ಟರು. ಸುಲ್ತಾನ 70,000 ಡಾಲರ್ ಕೊಟ್ಟು, ರೈಸೂನಿಗೆ ಅಧಿಕಾರವನ್ನೂ ಕೊಟ್ಟು ಬಿಡಿಸಿಕೊಂಡ.

ಮುಂದೆ ಅವನು ಅಸೀಲಾದ ಪಾಷಾ ಆಗಿ 1909ರಲ್ಲಿ ಕಟ್ಟಿಸಿದ್ದು ಈ ಅರಮನೆ. ಶಿಕ್ಷೆಗೊಳಗಾದವರನ್ನು ಕಿಟಕಿಯಿಂದ ಕೆಳಗಿನ ಬಂಡೆಗಳ ಮೇಲೆ ಹಾರಿಸುತ್ತಿದ್ದ ಎಂಬ ಕಥೆ ಊರಲ್ಲಿ ಎಲ್ಲರ ಬಾಯಲ್ಲೂ ಇದೆ. ಅವನು ಸತ್ತದ್ದು 1925ರಲ್ಲಿ, ರಿಫ್ ಗುಡ್ಡಗಾಡಿನ ಬಂಡಾಯದ ನಾಯಕ ಅಬ್ದುಲ್ ಕರೀಮ್‌ನ ಸೆರೆಯಾಳಾಗಿ. ಅರಮನೆ ಈಗ 'ಸಂಸ್ಕೃತಿ ಅರಮನೆ', ಉತ್ಸವದ ಹೊತ್ತಿನಲ್ಲಿ ಕಲಾವಿದರು ಕೆಲಸ ಮಾಡುವ ಜಾಗ. ಮಿಕ್ಕ ದಿನಗಳಲ್ಲಿ ಸಾಮಾನ್ಯವಾಗಿ ಬೀಗ. ತೆರೆದಿದ್ದರೆ ಬಣ್ಣ ಬಳಿದ ಮರದ ಚಾವಣಿ, ಹೆಂಚಿನ ಚೂರುಗಳ 'ಝೆಲ್ಲಿಜ್' ಕೆಲಸ ನೋಡಲು ಮರೆಯಬೇಡಿ.

ಗೋಡೆಗೆ ಬಣ್ಣ ಬಳಿಯೋದು ಶುರು ಮಾಡಿದ್ದು ಯಾರು? ಪ್ರವಾಸೋದ್ಯಮ ಇಲಾಖೆಯವರಾ?

ಅಲ್ಲ, ಊರಿನ ಇಬ್ಬರು ಹುಡುಗರು. ಮೊಹಮ್ಮದ್ ಮೆಲೆಹಿ ಹುಟ್ಟಿದ್ದು 1936ರಲ್ಲಿ, ಮೊಹಮ್ಮದ್ ಬೆನೈಸಾ ಮರುವರ್ಷ. ಮೆಲೆಹಿ ಸ್ಪೇನ್, ರೋಮ್, ಪ್ಯಾರಿಸ್, ನ್ಯೂಯಾರ್ಕ್ ಸುತ್ತಿ ಬಂದ ವರ್ಣಚಿತ್ರಕಾರ. ಬೆನೈಸಾ ಅಮೆರಿಕದಲ್ಲಿ ಓದಿ, ವಿಶ್ವಸಂಸ್ಥೆಯ ಕೆಲಸದಲ್ಲಿದ್ದವನು.

ಇದರ ಬೇರು ಕಾಸಾಬ್ಲಾಂಕಾದಲ್ಲಿದೆ. 1960ರ ದಶಕದಲ್ಲಿ ಅಲ್ಲಿಯ ಕಲಾಶಾಲೆಗೆ ಫರೀದ್ ಬೆಲ್ಕಾಹಿಯಾ ಮುಖ್ಯಸ್ಥನಾಗಿದ್ದ. ಮೆಲೆಹಿ, ಮೊಹಮ್ಮದ್ ಶಬಾ ಮುಂತಾದವರು ಪಾಠ ಹೇಳುತ್ತಿದ್ದರು. ಫ್ರೆಂಚರು ಬಿಟ್ಟುಹೋದ ಚಿತ್ರಕಲೆಯ ಪಾಠ ಸಾಕು, ನಮ್ಮ ಜಮಖಾನೆ, ಒಡವೆ, ಚರ್ಮ, ಮರದ ಚಾವಣಿಗಳ ವಿನ್ಯಾಸದಿಂದ ಕಲಿಯೋಣ ಅಂದರು. 1969ರಲ್ಲಿ ಈ ಗುಂಪು ತಮ್ಮ ಚಿತ್ರಗಳನ್ನು ಒಯ್ದು ಮರಾಕೇಶ್‌ನ ಜಮಾ ಅಲ್ ಫ್ನಾ ಚೌಕದಲ್ಲಿ, ಬಿಸಿಲಿನಲ್ಲಿ, ಹಾವಾಡಿಗರ ನಡುವೆ ತೂಗುಹಾಕಿತು. ಗ್ಯಾಲರಿಗೆ ಬಾರದ ಜನರ ಹತ್ತಿರ ಕಲೆಯೇ ಹೋಗಲಿ ಅಂತ.

ಅಸೀಲಾ ಆಗ ಹಾಳು ಸುರಿಯುತ್ತಿತ್ತು. ಗೋಡೆ ಕುಸಿಯುತ್ತಿತ್ತು, ಕಸ ತುಂಬಿತ್ತು, ಇದ್ದವರು ಊರು ಬಿಡುತ್ತಿದ್ದರು. 1970ರ ದಶಕದಲ್ಲಿ ಇಬ್ಬರೂ ಪುರಸಭೆಗೆ ಆರಿಸಿ ಬಂದರು, 'ಅಲ್ ಮುಹೀತ್' ಎಂಬ ಸಂಘ ಕಟ್ಟಿದರು, 1978ರಲ್ಲಿ ಮೊದಲ ಸಾಂಸ್ಕೃತಿಕ 'ಮೌಸೆಮ್' ನಡೆಸಿದರು. ಮೌಸೆಮ್ ಅಂದರೆ ಸಂತರ ಹೆಸರಿನಲ್ಲಿ ನಡೆಯುವ ಜಾತ್ರೆ. ಜನರಿಗೆ ಗೊತ್ತಿದ್ದ ಆ ರೂಪಕ್ಕೇ ಇವರು ಕಲೆಯನ್ನು ತಂದು ಕೂರಿಸಿದರು. ಆ ವರ್ಷ ಮೊರಾಕ್ಕೊದ ಹನ್ನೊಂದು ಕಲಾವಿದರು ಗೋಡೆಗಳಿಗೆ ಬಣ್ಣ ಹಚ್ಚಿದರು.

ಬಣ್ಣ ಹಚ್ಚಬೇಕಾದರೆ ಮೊದಲು ಗೋಡೆ ಗಟ್ಟಿಯಿರಬೇಕು, ಗಲ್ಲಿ ಗುಡಿಸಿರಬೇಕು. ಪಕ್ಕದ ಮನೆಗೆ ಚಿತ್ರ ಬಂದರೆ ನಮ್ಮ ಬಾಗಿಲಿಗೂ ಒಂದು ಕೈ ಸುಣ್ಣವಾದರೂ ಆಗಲಿ ಅನಿಸುತ್ತದೆ. ಬೀದಿಗೆ ಕಲ್ಲು ಹಾಸಿದ್ದು, ಅರಮನೆ, ಗೋಪುರಗಳನ್ನು ದುರಸ್ತಿ ಮಾಡಿದ್ದು ಇದರ ಬೆನ್ನಿಗೇ ಬಂತು. ಭಿತ್ತಿಚಿತ್ರ ಅನ್ನುವುದು ಪುರಸಭೆಯ ಕೆಲಸಕ್ಕೆ ಹಾಕಿದ ಮುನ್ನುಡಿ ಅಂತ ನನಗನಿಸುತ್ತದೆ. 1989ರಲ್ಲಿ ಈ ಪುನರುಜ್ಜೀವನಕ್ಕೆ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಸಿಕ್ಕಿತು. ಕಟ್ಟಡಕ್ಕಲ್ಲ, ಒಂದು ಊರು ಚೇತರಿಸಿಕೊಂಡದ್ದಕ್ಕೆ.

ಬೆನೈಸಾ 1983ರಿಂದ ಮೇಯರ್, ನಡುವೆ ದೇಶದ ಸಂಸ್ಕೃತಿ ಸಚಿವ, 1999ರಿಂದ 2007ರವರೆಗೆ ವಿದೇಶಾಂಗ ಸಚಿವ. ಮೆಲೆಹಿ 2020ರಲ್ಲಿ ಕೋವಿಡ್‌ನಿಂದ ತೀರಿಕೊಂಡ, ಬೆನೈಸಾ 2025ರ ಫೆಬ್ರವರಿಯಲ್ಲಿ.

ಭಾರತದವರು ಯಾರಾದರೂ ಅಲ್ಲಿ ಕೆಲಸ ಮಾಡಿದ್ದಾರಾ?

ಮಾಡಿದ್ದಾರೆ, ಅದೂ ಮೊದಲ ವರ್ಷವೇ. ಚಿತ್ತೂರು ಜಿಲ್ಲೆಯಲ್ಲಿ ಹುಟ್ಟಿ, ಶಾಂತಿನಿಕೇತನದಲ್ಲಿ ನಂದಲಾಲ್ ಬೋಸರ ಬಳಿ ಕಲಿತು, ಪ್ಯಾರಿಸ್ ಮತ್ತು ನ್ಯೂಯಾರ್ಕ್‌ನಲ್ಲಿ ಹೆಸರಾದ ಮುದ್ರಣಕಲಾವಿದ ಕೃಷ್ಣ ರೆಡ್ಡಿ. 1978ರಲ್ಲಿ ಅಮೆರಿಕದ ರಾಬರ್ಟ್ ಬ್ಲ್ಯಾಕ್‌ಬರ್ನ್ ಮೊದಲಾದವರ ಜೊತೆ ಸೇರಿ ಅಸೀಲಾದ ಮುದ್ರಣಕಲೆಯ ಕಾರ್ಯಾಗಾರಕ್ಕೆ ಅಡಿಪಾಯ ಹಾಕಿದವರಲ್ಲಿ ಅವರೂ ಒಬ್ಬರು. ಒಂದೇ ಲೋಹದ ತಗಡಿನ ಮೇಲೆ ಬೇರೆ ಬೇರೆ ಗಟ್ಟಿತನದ ಬಣ್ಣಗಳನ್ನು ಹಚ್ಚಿ, ಒಂದು ಇನ್ನೊಂದರಲ್ಲಿ ಬೆರೆಯದಂತೆ ಒಂದೇ ಸಲಕ್ಕೆ ಬಹುವರ್ಣದ ಮುದ್ರೆ ತೆಗೆಯುವುದು ರೆಡ್ಡಿಯವರ ಕೈಚಳಕ. ಸುಡಾನಿನ ಮೊಹಮ್ಮದ್ ಒಮರ್ ಖಲೀಲ್ ಆ ಕಾರ್ಯಾಗಾರವನ್ನು ಮುಂದೆ ದೀರ್ಘಕಾಲ ನಡೆಸಿದರು. ಗೋಡೆ ಚಿತ್ರಗಳ ಅಬ್ಬರದಲ್ಲಿ ಅಸೀಲಾದ ಈ ಮುಖ ಕಾಣುವುದೇ ಇಲ್ಲ.

ಉತ್ಸವಕ್ಕೆ ಟಿಕೆಟ್ ಬೇಕಾ? ನಾವೂ ಬಣ್ಣ ಹಚ್ಚಬಹುದಾ?

ಬೀದಿಯಲ್ಲಿ ನಿಂತು ನೋಡಲು ಟಿಕೆಟ್ ಯಾಕೆ? ಏಣಿ ಹಾಕಿಕೊಂಡು ಕಲಾವಿದರು ಕೆಲಸ ಮಾಡುತ್ತಿರುತ್ತಾರೆ, ಸುತ್ತ ಮಕ್ಕಳು. ಗೋಡೆ ಸಿಗುವುದು ಆಹ್ವಾನಿತರಿಗೆ ಮಾತ್ರ. ಊರಿನ ಮಕ್ಕಳಿಗೆ ಬೇರೆ ಕಾರ್ಯಾಗಾರ ಇರುತ್ತದೆ. ಈಚಿನ ವರ್ಷಗಳಲ್ಲಿ ಉತ್ಸವವನ್ನು ಬೇಸಿಗೆ, ಶರತ್ಕಾಲ ಎಂದು ಹಂಚಿ ನಡೆಸಿದ್ದಾರೆ, ದಿನಾಂಕ ನೋಡಿಕೊಂಡು ಹೊರಡಿ.

ಹೊರಗಿನವರು ಮನೆ ಕೊಂಡು ಊರು ಕೆಟ್ಟಿದೆ ಅಂತಾರೆ, ನಿಜವಾ?

ಭಾಗಶಃ ನಿಜ. ಊರು ಅಂದವಾದ ಮೇಲೆ ಸ್ಪೇನಿನವರು, ಫ್ರಾನ್ಸಿನವರು, ಕಾಸಾಬ್ಲಾಂಕಾ, ರಬಾತ್‌ನ ಸಿರಿವಂತರು ಮದೀನಾದಲ್ಲಿ ಮನೆ ಕೊಂಡರು. ಬೆಲೆ ಏರಿತು, ಹಳಬರ ಮಕ್ಕಳು ಕೋಟೆಯ ಹೊರಗೆ ಹೋದರು. ಜನವರಿಯಲ್ಲಿ ಹೋದರೆ ಗಲ್ಲಿಗೆ ಗಲ್ಲಿಯೇ ಕಿಟಕಿ ಮುಚ್ಚಿ ಕೂತಿರುತ್ತದೆ. ಕಲೆಯಿಂದ ಊರು ಉಳಿಯಿತು ಅನ್ನುವವರೂ, ಕಲೆಯಿಂದ ಊರಿನವರು ಹೊರಬಿದ್ದರು ಅನ್ನುವವರೂ ಇಬ್ಬರೂ ಅಲ್ಲಿ ಸಿಗುತ್ತಾರೆ, ಕೆಲವೊಮ್ಮೆ ಒಂದೇ ಚಹಾದ ಮೇಜಿನಲ್ಲಿ. ಕುಸಿದು ಬೀಳುತ್ತಿದ್ದ ಊರನ್ನು ಹಾಗೇ ಬಿಡಬೇಕಿತ್ತು ಅಂತ ಮಾತ್ರ ಯಾರೂ ಹೇಳಿದ್ದು ಕೇಳಿಲ್ಲ.

ನಿಮ್ಮ ಕೈಲಾಗುವುದು ಇಷ್ಟು: ಊರಿನವರೇ ನಡೆಸುವ ಗೆಸ್ಟ್‌ಹೌಸ್ ಹಿಡಿಯಿರಿ, ಕೋಟೆಯ ಹೊರಗಿನ ಅಂಗಡಿಯಲ್ಲಿ ತಿನ್ನಿ. ಚಿತ್ರ ಕೊಳ್ಳುವುದಾದರೆ ಬಿಡಿಸಿದವರ ಕೈಯಿಂದಲೇ ಕೊಳ್ಳಿ. ಮದೀನಾದಲ್ಲಿ ಬಾಗಿಲು ತೆರೆದಿಟ್ಟುಕೊಂಡು ಕೂತ ಕಲಾವಿದರಿದ್ದಾರೆ.

ಇನ್ನೊಂದು ದಿನ ಕೈಯಲ್ಲಿದೆ. ಹತ್ತಿರದಲ್ಲಿ ಏನು ನೋಡೋದು?

ದಕ್ಷಿಣಕ್ಕೆ ಲಾರಾಶ್ ಇದೆ. ಅದರ ಹೊರವಲಯದಲ್ಲಿ, ಗುಡ್ಡದ ಮೇಲೆ ಲಿಕ್ಸಸ್: ಫಿನೀಷಿಯನ್ನರು ನೆಲೆಯೂರಿ, ಆಮೇಲೆ ರೋಮನ್ನರು ಬೆಳೆಸಿದ ಪಟ್ಟಣದ ಅವಶೇಷ. ಮೀನು ಉಪ್ಪು ಹಾಕಿ ಹುಳಿ ಬರಿಸುತ್ತಿದ್ದ ತೊಟ್ಟಿಗಳ ಸಾಲು ಈಗಲೂ ರಸ್ತೆ ಬದಿಯಲ್ಲೇ ಇದೆ. ಲಾರಾಶ್‌ನ ಹಳೇ ಸ್ಪ್ಯಾನಿಷ್ ಸ್ಮಶಾನದಲ್ಲಿ, ಸಮುದ್ರಕ್ಕೆ ಮುಖ ಮಾಡಿ ಫ್ರೆಂಚ್ ಲೇಖಕ ಜಾನ್ ಜೆನೆಯ ಗೋರಿ.

ನನ್ನನ್ನು ಕೇಳಿದರೆ ಮ್ಜೋರಾಗೆ ಹೋಗಿ. ಅಸೀಲಾದ ಆಗ್ನೇಯಕ್ಕೆ, ಸೀದಿ ಅಲ್ ಯಮನಿ ದಾಟಿ ಒಂದು ಹಳ್ಳಿಯಲ್ಲಿ ಸುಮಾರು 167 ಕಲ್ಲುಗಳ ದೊಡ್ಡ ವೃತ್ತವಿದೆ. ಅದರಲ್ಲಿ ಒಂದು ಕಲ್ಲು ಐದು ಮೀಟರ್‌ಗೂ ಎತ್ತರ. ನಡುವಿನ ದಿಬ್ಬದಲ್ಲಿ ಗ್ರೀಕ್ ಪುರಾಣದ ದೈತ್ಯ ಆಂಟಿಯಸ್‌ನನ್ನು ಹೂತಿದ್ದಾರೆ ಎಂಬ ಐತಿಹ್ಯ ಬಹಳ ಹಳೆಯದು. ಬಸ್ಸಿಲ್ಲ, ಕೊನೆಯ ದಾರಿ ಮಣ್ಣಿನದು. ಅಸೀಲಾದಲ್ಲಿ ಗ್ರಾಂಡ್ ಟ್ಯಾಕ್ಸಿ ಮಾತಾಡಿ, ಅಲ್ಲಿ ಕಾಯುವ ಹೊತ್ತನ್ನೂ ಸೇರಿಸಿಯೇ ಬಾಡಿಗೆ ಗೊತ್ತು ಮಾಡಿಕೊಳ್ಳಿ. ಹಳ್ಳಿಯ ಯಾರಾದರೂ ಕಲ್ಲುಗಳ ನಡುವೆ ಸುತ್ತಿಸಿ ತೋರಿಸಿದರೆ ಕೈಗೆ ಹತ್ತಿಪ್ಪತ್ತು ದಿರ್ಹಮ್ ಕೊಡುವುದು ರೂಢಿ.